ಸೊರಗಿದ ಶಿಶುಗಳ ಪೂರಕಾಹಾರ

ಪಶ್ಚಿಮ ಆಫ್ರಿಕದ ಗೋಲ್ಡ್ ಕೋಸ್ಟಿನಲ್ಲಿ, ಎಂದರೆ ಈಗಿನ ಘಾನಾ ದೇಶದಲ್ಲಿ, ಸಿಸಿಲಿ ವಿಲಿಯಮ್ಸ್ ಎಂಬ ವೈದ್ಯೆ 1933ರಲ್ಲಿ ಒಂದು ಶಿಶುರೋಗವನ್ನು ವರ್ಣಿಸಿದರು. ಮೊಲೆಹಾಲು ಬಿಟ್ಟು ಮೆಕ್ಕೆಜೋಳದ ಗಂಜಿಯಿಂದಲೇ ಬೆಳೆದ ಮಕ್ಕಳಿಗೆ ಕೈಕಾಲು ಊದಿ, ಚರ್ಮ ಸುಲಿಯುತ್ತಿದ್ದಿತು. ಅಲ್ಲಿಯ ಗಾ ಜನರು ಇದನ್ನು ಕ್ವಾಷಿಯೋರ್ಕರ್ ಎನ್ನುತ್ತಿದ್ದರು. ಮತ್ತೊಂದು ಕೂಸು ಹುಟ್ಟಲು ಹಿಂದಿನದಕ್ಕೆ ತಗಲುವ ಬೇನೆ ಎಂದು ಅದರ ಭಾವ. ರೋಗದ ಕಾರಣವೆಲ್ಲವೂ ಆ ಹೆಸರಿನಲ್ಲೇ ಇದ್ದಂತಿದೆ.

ಕೊರತೆಯಾದುದು ಸಸಾರಜನಕವೆಂದು ಶಾಸ್ತ್ರಜ್ಞರು ಬಹುಕಾಲ ನಂಬಿದರು. 1950ರಲ್ಲಿ ಮೈಸೂರಿನ ಚೆಲುವಾಂಬ ವಿಲಾಸದಲ್ಲಿ ತೆರೆದ ಕೇಂದ್ರ ಆಹಾರ ಸಂಶೋಧನಾಲಯವೂ ಎಣ್ಣೆ ತೆಗೆದ ನೆಲಗಡಲೆಯ ಹಿಟ್ಟು 75 ಪಾಲು, ಕಡಲೆಹಿಟ್ಟು 25 ಪಾಲು ಸೇರಿಸಿ, ಜೀವಸತ್ತ್ವಗಳನ್ನೂ ಸುಣ್ಣಾಂಶವನ್ನೂ ಕೂಡಿಸಿ, ಬಹೂಪಯೋಗಿ ಆಹಾರವೆಂಬುದನ್ನು ಸಿದ್ಧಪಡಿಸಿತು. ಆದರೆ ಕ್ವಾಷಿಯೋರ್ಕರಿನಿಂದ ಊದಿದ ಮಗುವಿನ ಊಟಕ್ಕೂ ಬರಿಯ ಎಲುಬುಗೂಡಾದ ಮಗುವಿನ ಊಟಕ್ಕೂ ಗುಣದಲ್ಲಿ ಭೇದವಿಲ್ಲವೆಂದು ಹೈದರಾಬಾದಿನಲ್ಲಿ ಡಾಕ್ಟರ್ ಗೋಪಾಲನ್ ಅವರು 1968ರಲ್ಲಿ ತೋರಿಸಿದರು. ಧಾನ್ಯ ಬೇಳೆಗಳ ನಮ್ಮ ಊಟವೇ ಹೊಟ್ಟೆತುಂಬ ದೊರೆತರೆ ಸಸಾರಜನಕವು ತಾನೇ ಒದಗುವುದು. 1974ರಲ್ಲಿ ಮೆಕ್ಲಾರೆನ್ ಎಂಬ ವೈದ್ಯರು ಹಳೆಯ ನಂಬಿಕೆಯನ್ನು ಮಹಾಪ್ರಮಾದವೆಂದೇ ಕರೆದರು. ನನ್ನ ಮಟ್ಟಿಗೆ, ಹಿಟ್ಟಿನಲ್ಲಿ ತಪ್ಪಿರಲಿಲ್ಲ. ಒಂದು ಚಮಚ ಹಿಟ್ಟು ಒಂದು ತಟ್ಟೆ ಅನ್ನದ ಕೆಲಸ ಮಾಡೀತೆಂಬ ಆಸೆಯಲ್ಲಿ ತಪ್ಪಿದ್ದಿತು.

ಮುಂದಿನ ತೊಡಕು ನೀರಿನದು. ತೀವ್ರವಾಗಿ ಸೊರಗಿದ ಶಿಶುಗಳಿಗೆ ಆಸ್ಪತ್ರೆಗಳಲ್ಲಿ ಕೊಡುತ್ತಿದ್ದ ಪುಷ್ಟಿಯ ಹಾಲುಪುಡಿಯನ್ನು ಶುದ್ಧವಾದ ನೀರಿನಲ್ಲಿ ಕದಡಬೇಕು. ಕದಡಿದುದು ಬೇಗ ಕೆಡುವುದು. ಆದುದರಿಂದ ತಾಯಿ ವಾರಗಟ್ಟಲೆ ಆಸ್ಪತ್ರೆಯಲ್ಲಿಯೇ ಇರಬೇಕು, ಮನೆಯ ಮಿಕ್ಕ ಮಕ್ಕಳ ಗತಿ ಏನಾದರೂ ಆಗಲಿ! 1990ರ ದಶಕದಲ್ಲಿ ಫ್ರಾನ್ಸಿನ ಆಂದ್ರೆ ಬ್ರಿಯಾಂ ಅವರು ಆ ಹಾಲಿನ ಸತ್ತ್ವವನ್ನೇ ನೆಲಗಡಲೆಯ ಮುದ್ದೆಯಲ್ಲಿ ಎಣ್ಣೆ ಸಕ್ಕರೆಗಳೊಡನೆ ಅಡಗಿಸಿದರು. ನೀರಿನ ಅಂಶ ಅತ್ಯಲ್ಪವಾದ ಕಾರಣ ಅದರಲ್ಲಿ ಸೂಕ್ಷ್ಮಜೀವಿಗಳು ಬೆಳೆಯಲಾರವು. 92 ಗ್ರಾಮಿನ ಒಂದು ಪೊಟ್ಟಣದಲ್ಲಿ 500 ಕ್ಯಾಲೊರಿ; ಬೇಯಿಸುವ ಶ್ರಮವಿಲ್ಲ. ಬೇರೆ ತೊಡಕಿಲ್ಲದ ಮಕ್ಕಳಿಗೆ ಮನೆಯಲ್ಲಿಯೇ ಚಿಕಿತ್ಸೆಯಾಗಬಹುದೆಂದು ವಿಶ್ವ ಆರೋಗ್ಯ ಸಂಸ್ಥೆಯೇ ಮೊದಲಾದವು 2007ರಲ್ಲಿ ಒಪ್ಪಿದವು.

ಆದರೂ ತೂಕ ಮರಳಿದ ಎಷ್ಟೋ ಮಕ್ಕಳ ಬೆಳವಣಿಗೆ ಕುಂಠಿತವಾಗಿಯೇ ಉಳಿಯುತ್ತದೆ. ಇಂತಹ ಶಿಶುವಿನ ಕರುಳಿನ ಜೀವಾಣುಸಮುದಾಯವು ವಯಸ್ಸಿಗೆ ತಕ್ಕಂತೆ ಬಲಿತಿರುವುದಿಲ್ಲವೆಂದು ಅಮೆರಿಕದ ಜೆಫ್ರಿ ಗಾರ್ಡನ್, ಢಾಕಾದ ತಹಮೀದ್ ಅಹಮದ್ ಇವರು ಕಂಡರು. ಆ ಜೀವಾಣುಗಳಿಗೆ ಹಿತವಾಗಲೆಂದು ಅವರು ಆರಿಸಿದವು ಕಡಲೆ, ಸೋಯಾ, ನೆಲಗಡಲೆ ಇವುಗಳ ಹಿಟ್ಟು ಮತ್ತು ಬಾಳೆಕಾಯಿ. ಢಾಕಾದ ಮೀರ್‌ಪುರದ ಕೊಳೆಗೇರಿಯಲ್ಲಿ ಮಾಡಿದ ಈ ಪರೀಕ್ಷೆ 2021ರಲ್ಲಿ ಪ್ರಕಟವಾಯಿತು. ರೂಢಿಯ ಪೂರಕಾಹಾರಕ್ಕಿಂತ ಕ್ಯಾಲೊರಿ ಕಡಿಮೆಯಿದ್ದರೂ ಇದನ್ನುಂಡ ಮಕ್ಕಳ ತೂಕ ಹೆಚ್ಚು ವೇಗದಿಂದ ಏರಿತು. ಮೈಸೂರಿನ ಹಿಟ್ಟಿನ ಎರಡು ಕಾಳುಗಳೂ ಇಲ್ಲಿ ಬೇರೊಂದು ಕಾರಣದಿಂದ ಮರಳಿ ಬಂದಿವೆ. ಆದರೆ ಪರೀಕ್ಷೆಗೊಳಪಟ್ಟವರು ನೂರಿಪ್ಪತ್ತರಷ್ಟು ಮಕ್ಕಳು. ಅವರು ಅದನ್ನು ಉಂಡುದು ಮೂರು ತಿಂಗಳು.