ಹಂದಿ, ಸೊಳ್ಳೆ, ಜೆಇ: ಹೆಸರುಗಳ ಗೊಂದಲದಿಂದ ರೋಗದ ಸರಪಳಿಗೆ

ಹೆಸರಿನಿಂದಲೇ ಶುರು ಮಾಡೋಣ. ಕರ್ನಾಟಕದಲ್ಲಿ ‘ಮೆದುಳು ಜ್ವರ’ ಅನ್ನುವುದು ರಾಯದುರ್ಗ, ಮಡಕಶಿರಾ ಕಡೆ ತೆಲುಗಿನಲ್ಲಿ ‘ಮೆದಡುವಾಪು’. ವಯನಾಡಿನಲ್ಲಿ ‘ಮಸ್ತಿಷ್ಕ ಜ್ವರಂ’ ಅಂದರೆ ಈಗ ಮೊದಲು ನೆನಪಾಗೋದು ಅಮೀಬಾ. ‘ಹಂದಿ ಜ್ವರ’ ಅಂದರೆ ಕೆಲವರಿಗೆ 2009ರ ಎಚ್1ಎನ್1, ಕೆಲವರಿಗೆ 2022ರಲ್ಲಿ ಮಾನಂದವಾಡಿಯ ಫಾರಂಗಳಿಗೆ ಬಂದ ಆಫ್ರಿಕನ್ ಹಂದಿ ಜ್ವರ. ಇವು ಮೂರೂ ಸೊಳ್ಳೆಯಿಂದ ಬರುವವಲ್ಲ. ನಾನು ಹೇಳಹೊರಟಿರುವುದು ಸೊಳ್ಳೆಯಿಂದ ಬರುವ ಜಪಾನೀಸ್ ಎನ್ಸೆಫಲೈಟಿಸ್, ಅಂದರೆ ಜೆಇ ಬಗ್ಗೆ.

ಈ ವೈರಸ್ಸಿನ ಮೂಲ ನೆಲೆ ಬೆಳ್ಳಕ್ಕಿ, ಕೊಕ್ಕರೆಗಳು. ಹರಡುವುದು ಮುಖ್ಯವಾಗಿ ಭತ್ತದ ಗದ್ದೆಯ ನೀರಲ್ಲಿ ಹುಟ್ಟುವ ಕ್ಯೂಲೆಕ್ಸ್ ಸೊಳ್ಳೆ. ನಮ್ಮಲ್ಲಿ ಅದು ಹೆಚ್ಚು ಕಚ್ಚೋದು ದನಗಳನ್ನು. ಆದರೆ ದನದ ರಕ್ತದಲ್ಲಿ ವೈರಸ್ ಸಾಕಷ್ಟು ಬೆಳೆಯುವುದಿಲ್ಲ, ಸರಪಳಿ ಅಲ್ಲಿಗೇ ಮುಗಿಯುತ್ತದೆ. ಮನುಷ್ಯನಲ್ಲೂ ಅಷ್ಟೇ. ಹಂದಿಯಲ್ಲಿ ಹಾಗಲ್ಲ: ಎರಡರಿಂದ ನಾಲ್ಕು ದಿನ ರಕ್ತದ ತುಂಬ ವೈರಸ್. ಆಮೇಲೆ ಅದಕ್ಕೆ ರೋಗನಿರೋಧ ಬಂದುಬಿಡುತ್ತದೆ.

ಒಂದು ಹಂದಿಗೆ ಒಂದೇ ಸಲ ಬರೋದಾದರೆ ಇಷ್ಟು ಚಿಂತೆ ಯಾಕೆ? ಇಲ್ಲೇ ಸಾಕಣೆಯ ಪ್ರಶ್ನೆ ಬರೋದು. ಫಾರಂ ಹಂದಿ ವರ್ಷ ತುಂಬುವ ಮೊದಲೇ ಮಾರಾಟವಾಗುತ್ತದೆ. ತಾಯಿಹಂದಿ ವರ್ಷಕ್ಕೆ ಎರಡು ಸಲ ಈಯುತ್ತದೆ. ತಾಯಿಯ ಹಾಲಿನಿಂದ ಬಂದ ರಕ್ಷಣೆ ಕೆಲವೇ ತಿಂಗಳಲ್ಲಿ ಕರಗಿ, ಸೋಂಕೇ ಕಾಣದ ಹೊಸ ಮರಿಗಳು ಸದಾ ಸಿದ್ಧವಾಗಿರುತ್ತವೆ.

ಹೊರನೋಟಕ್ಕೆ ಮಾತ್ರ ಹಂದಿ ಆರೋಗ್ಯವಾಗೇ ಇರುತ್ತದೆ. ಗಬ್ಬದ ಹಂದಿಗೆ ತಗುಲಿದರೆ ಮರಿಗಳು ಸತ್ತು ಹುಟ್ಟುತ್ತವೆ, ಕೆಲವು ಗರ್ಭದಲ್ಲೇ ಒಣಗಿ ಕರಕಲಾಗಿರುತ್ತವೆ. ಗಂಡುಹಂದಿಯ ವೃಷಣ ಊದುತ್ತದೆ. ರೈತ ಇದನ್ನು ನೋಡುವ ಹೊತ್ತಿಗೆ ತಾಯಿಯ ರಕ್ತದಿಂದ ವೈರಸ್ ಹೋಗಿ ಎಷ್ಟೋ ವಾರಗಳಾಗಿರುತ್ತವೆ. 2022ರಲ್ಲಿ ಆಸ್ಟ್ರೇಲಿಯಾದ ಆಗ್ನೇಯ ರಾಜ್ಯಗಳಲ್ಲಿ ಹೀಗೇ ಆಯಿತು. ಮಳೆ, ನೆರೆಯ ಬೇಸಿಗೆ, ಫಾರಂಗಳಲ್ಲಿ ಸತ್ತ ಮರಿಗಳು, ಪರೀಕ್ಷಿಸಿದರೆ ಜೆಇ. ಮನುಷ್ಯರಲ್ಲಿ 40ಕ್ಕೂ ಹೆಚ್ಚು ಪ್ರಕರಣ, 7 ಸಾವು. ಜಪಾನಿನವರು ಇದಕ್ಕೇ 1960ರ ದಶಕದಿಂದ ಕಸಾಯಿಖಾನೆಗೆ ಬಂದ ಹಂದಿಗಳ ರಕ್ತ ಪರೀಕ್ಷಿಸುತ್ತಾ ಬಂದಿದ್ದಾರೆ. ನಮ್ಮಲ್ಲೂ ಇಂಥದ್ದು ನಿಯಮಿತವಾಗಿ ನಡೆಯಬೇಕು ಅನ್ನುವುದು ನನ್ನ ಅಭಿಪ್ರಾಯ.

ಹೆಸರು ತಪ್ಪಿದರೆ ಏನಾಗುತ್ತೆ? ಮಲೇಷ್ಯಾದಲ್ಲಿ 1998–99ರಲ್ಲಿ ಹಂದಿ ಸಾಕುವವರಿಗೆ ಮೆದುಳು ಜ್ವರ ಬಂದಾಗ ಜೆಇ ಎಂದುಕೊಂಡು ಸೊಳ್ಳೆಗೆ ಹೊಗೆ ಹಾಕಿದರು, ಲಸಿಕೆಯನ್ನೂ ಕೊಟ್ಟರು. ಆದರೆ ಸಾಯುತ್ತಿದ್ದವರು ಹೆಚ್ಚಾಗಿ ಹಂದಿಗಳ ಜೊತೆ ಕೆಲಸ ಮಾಡುವ ವಯಸ್ಕರು, ಹಂದಿಗಳೂ ಕೆಮ್ಮುತ್ತಿದ್ದವು. ಅದು ನಿಪಾ. ನೂರಕ್ಕೂ ಹೆಚ್ಚು ಜನ ಸತ್ತರು, ಸುಮಾರು ಹತ್ತು ಲಕ್ಷ ಹಂದಿಗಳನ್ನು ಕೊಂದರು.

ಚಾಟ್‌ನಲ್ಲಿ ಒಂದು ಪ್ರಶ್ನೆ ಇದೆ: ‘ಹಂದಿ ಸಾಕುವವರನ್ನು ಊರಾಚೆ ಕಳಿಸಿದರೆ ಸಾಲದೇ?’ ಹಂದಿಗೂಡು ಮನೆಗಳಿಂದ ದೂರ ಇದ್ದರೆ ಒಳ್ಳೆಯದೇ. ಆದರೆ ಬೆಳ್ಳಕ್ಕಿಯನ್ನೂ ಗದ್ದೆಯನ್ನೂ ಯಾರೂ ಓಡಿಸಲಾರರು. ಶಿಕ್ಷೆ ಮಾತ್ರ ಆ ಬಡ ಕುಟುಂಬಗಳಿಗೆ. ಹಂದಿ ಮುಟ್ಟಿದರೆ, ಬೇಯಿಸಿದ ಮಾಂಸ ತಿಂದರೆ ಜೆಇ ಬರುವುದೂ ಇಲ್ಲ.

ಗಟ್ಟಿ ದಾರಿ ಲಸಿಕೆ. 2013ರಲ್ಲಿ ಪರವಾನಗಿ ಪಡೆದ ಭಾರತದ ಜೆನ್‌ವ್ಯಾಕ್ ಲಸಿಕೆ ತಯಾರಾಗಿದ್ದು ಹೊಸೂರಿನ ನೆರೆಯ ಕೋಲಾರದಲ್ಲಿ ಸಿಕ್ಕ ವೈರಸ್ ತಳಿಯಿಂದ. ಆದರೆ ಗಮನಿಸಿ: ಮನುಷ್ಯನಿಂದ ಸೊಳ್ಳೆಗೆ ವೈರಸ್ ಹೋಗುವುದಿಲ್ಲವಾದ್ದರಿಂದ, ಪಕ್ಕದ ಮನೆಯ ಮಗುವಿಗೆ ಹಾಕಿದ ಲಸಿಕೆ ನಮ್ಮ ಮಗುವನ್ನು ಕಾಯುವುದಿಲ್ಲ. ಸರ್ಕಾರಿ ಕಾರ್ಯಕ್ರಮದಲ್ಲಿ ರೋಗ ಇರುವ ಜಿಲ್ಲೆಗಳಲ್ಲಿ ಮಾತ್ರ 9 ತಿಂಗಳಿಗೊಂದು, 16–24 ತಿಂಗಳಲ್ಲಿ ಇನ್ನೊಂದು ಡೋಸ್. ಕೂಲಿಗಾಗಿ ಗಡಿ ದಾಟುವ ಮನೆಯ ಮಗುವಿಗೆ ಎರಡನೆಯದು ಎಲ್ಲಿ ಸಿಗುತ್ತದೆ, ಅದರ ಕಾರ್ಡನ್ನು ಆ ಕಡೆಯ ಕೇಂದ್ರದಲ್ಲಿ ಯಾರು ಓದುತ್ತಾರೆ ಎಂಬುದನ್ನು ನಿಮ್ಮ ನಿಮ್ಮ ತಾಲೂಕಿನಲ್ಲಿ ಕೇಳಿ ನೋಡಿ.