ಕಣ್ಣಿಗೆ ಕಾಣದ ಲಿಫ್ಟು

ನ್ಯೂಯಾರ್ಕ್ ನಗರದ ರೇಡಿಯೋ ಸಿಟಿ ಮ್ಯೂಸಿಕ್ ಹಾಲ್ ಎಂಬ ರಂಗಮಂದಿರವು 1932ರ ಡಿಸೆಂಬರಿನಲ್ಲಿ ಪ್ರಾರಂಭವಾಯಿತು. ಅದರ ರಂಗದ ನೆಲ ಒಂದೇ ಹಾಸಲ್ಲ. ಒಂದರ ಹಿಂದೊಂದರಂತೆ ಮೂರು ಭಾಗಗಳಾಗಿ ಅದನ್ನು ವಿಂಗಡಿಸಿದ್ದಾರೆ. ದ್ರವದ ಒತ್ತಡದಿಂದ ಏರಿಳಿಯುವ ಆ ಒಂದೊಂದು ಭಾಗವೂ ಒಂದೊಂದು ಲಿಫ್ಟು. ಮೂರನ್ನೂ ಬೇರೆ ಬೇರೆ ಎತ್ತರದಲ್ಲಿ ನಿಲ್ಲಿಸಿದರೆ ದೊಡ್ಡ ಮೆಟ್ಟಿಲುಗಳ ಸಾಲಾಗುತ್ತದೆ. ಸಮಮಟ್ಟಕ್ಕೆ ತಂದರೆ ವಿಶಾಲವಾದ ಅಂಗಳವಾಗುತ್ತದೆ.

ಇಂತಹ ವೇದಿಕೆಗಳು ಒಟ್ಟಾಗಿ, ಸಮವಾಗಿ ಏರಬೇಕಾದಾಗ ಕಷ್ಟವೊಂದುಂಟು. ಒಂದರ ಮೇಲೆ ಹತ್ತು ಜನರಿರಬಹುದು, ಇನ್ನೊಂದು ಬರಿದಾಗಿರಬಹುದು. ಭಾರ ಬೇರೆಯಾದರೆ ವೇಗವೂ ತುಸು ಬೇರೆಯಾದೀತು. ಎರಡು ವೇದಿಕೆಗಳ ಮೇಲೆ ಒಂದೊಂದು ಕಾಲಿಟ್ಟು ನಿಂತ ನಟನು ಮುಗ್ಗರಿಸಿ ಬೀಳಲು, ಮಂದ ಬೆಳಕಿನಲ್ಲಿ ಎರಡು ಅಂಗುಲದ ಏರುಪೇರೇ ಸಾಕು.

ಇಂದಿನ ಅನೇಕ ರಂಗಮಂದಿರಗಳಲ್ಲಿ ಯಂತ್ರಗಳನ್ನು ನಡೆಸುವುದು ಗಣಕಯಂತ್ರದ ತಂತ್ರಾಂಶ. ಈ ತೊಡಕಿಗೆ ಅದರಲ್ಲಿ ಕಂಡುಕೊಂಡಿರುವ ಉಪಾಯವೇ ವರ್ಚುಯಲ್ ಲಿಫ್ಟು, ಎಂದರೆ ಕಲ್ಪಿತ ಲಿಫ್ಟು. ಇದಕ್ಕೆ ಮೋಟಾರಿಲ್ಲ, ಹಲಗೆಯಿಲ್ಲ; ಇರುವುದು ಕ್ಷಣಕ್ಷಣಕ್ಕೂ ಬದಲಾಗುವ ಎತ್ತರದ ಅಂಕಿ ಮಾತ್ರ. ನಿರ್ವಾಹಕನು ಇದೊಂದಕ್ಕೇ ಆಜ್ಞೆ ಕೊಡುತ್ತಾನೆ. ಭಜನೆಯಲ್ಲಿ ತಾಳ ಹಿಡಿದವನನ್ನು ಉಳಿದವರು ಅನುಸರಿಸುವಂತೆ, ನಿಜವಾದ ಲಿಫ್ಟುಗಳು ಈ ಅಂಕಿಯನ್ನು ಅನುಸರಿಸುತ್ತವೆ.

ಇದನ್ನು ಅಳವಡಿಸುವಾಗ ಮೊದಲ ಕೆಲಸ ಅಳತೆ. ಪ್ರತಿಯೊಂದು ಲಿಫ್ಟಿಗೂ ಅದರ ಸ್ಥಾನವನ್ನು ತಿಳಿಸುವ ಎನ್‌ಕೋಡರ್ ಎಂಬ ಉಪಕರಣವಿರುತ್ತದೆ. ವೇದಿಕೆಗಳನ್ನು ಸಮಮಟ್ಟಕ್ಕೆ ತಂದು, ರಸಮಟ್ಟವಿಟ್ಟು ನೋಡಿ, ಆ ಸ್ಥಾನವನ್ನು ಸೊನ್ನೆಯೆಂದು ಗುರುತಿಸಬೇಕು. ಇಲ್ಲಿ ತಪ್ಪಿದರೆ ತಂತ್ರಾಂಶವು ಆ ತಪ್ಪನ್ನೇ ಕರಾರುವಾಕ್ಕಾಗಿ ಕಾಪಾಡಿಕೊಂಡು ಹೋಗುತ್ತದೆ. ಪಾಪ, ಅದಕ್ಕೆ ನೆಲ ಕಾಣಿಸದು, ಅಂಕಿಯಷ್ಟೇ ಕಾಣುತ್ತದೆ. ಅನಂತರ ಮಿತಿಗಳು. ಒಂದು ಲಿಫ್ಟು 4 ಮೀಟರ್ ಇಳಿಯಬಲ್ಲದು, ಇನ್ನೊಂದು 3 ಮೀಟರ್ ಮಾತ್ರ ಎಂದಿಟ್ಟುಕೊಳ್ಳೋಣ. ಆಗ ಕಲ್ಪಿತ ಲಿಫ್ಟಿನ ಮಿತಿಯೂ 3 ಮೀಟರೇ. ವೇಗದಲ್ಲಿಯೂ ಎಲ್ಲಕ್ಕಿಂತ ನಿಧಾನವಾದುದೇ ಪ್ರಮಾಣ.

ಅಂತರದ ಮಿತಿಯು ಇವೆಲ್ಲಕ್ಕಿಂತ ಮುಖ್ಯವಾದುದು. ಯಾವುದಾದರೊಂದು ಲಿಫ್ಟು ನಿಗದಿಯಾದ ಕೆಲವು ಮಿಲಿಮೀಟರುಗಳಿಗಿಂತ ಹೆಚ್ಚು ಹಿಂದೆ ಬಿದ್ದರೆ ಎಲ್ಲವೂ ಒಟ್ಟಿಗೆ ನಿಲ್ಲಬೇಕು. ಹಿಂದೆ ಬಿದ್ದುದನ್ನು ಮಾತ್ರ ನಿಲ್ಲಿಸುವುದು ಜಾಣತನವೆಂದು ತೋರಬಹುದು. ಆದರೆ ಉಳಿದವು ಏರುತ್ತ ಹೋದಂತೆ ನಿಂತ ವೇದಿಕೆಯೇ ಹಳ್ಳವಾಗುತ್ತದೆ.

ತಂತ್ರಾಂಶವೊಂದನ್ನೇ ನಂಬುವಂತಿಲ್ಲ. ಕೆಂಪು ತುರ್ತುಗುಂಡಿಯು ಪರದೆಯ ಮೇಲಿನ ಚಿತ್ರವಾಗಿರದೆ, ತಂತ್ರಾಂಶದ ಹಂಗಿಲ್ಲದೆ ಲಿಫ್ಟುಗಳನ್ನು ನಿಲ್ಲಿಸುವ ಪ್ರತ್ಯೇಕ ಏರ್ಪಾಡಾಗಿರಬೇಕು. ಎಲ್ಲವೂ ಸಿದ್ಧವಾದ ಮೇಲೆ ಮೊದಲು ಬರಿಯ ವೇದಿಕೆಗಳನ್ನು ನಿಧಾನವಾಗಿ ಏರಿಸಿ ಇಳಿಸಬೇಕು. ಬಳಿಕ ಭಾರವನ್ನೆಲ್ಲ ಒಂದೇ ವೇದಿಕೆಯ ಮೇಲೆ ಹೇರಿ ನೋಡಬೇಕು. ನಟರು ಕಾಲಿಡುವುದು ಆಮೇಲೆ. ಆಗಲೂ ವೇದಿಕೆಯ ಅಂಚನ್ನೇ ನೋಡುತ್ತ, ತುರ್ತುಗುಂಡಿಯ ಬಳಿ ಒಬ್ಬನು ನಿಂತಿರಬೇಕು.