ಲಾವಂಚದ ಬೇಲಿ

ಗುಂಡ್ಲುಪೇಟೆಯ ಕಡೆ ಹೊಲದ ಎಲ್ಲೆಗೆ ಲಾವಂಚವನ್ನು ನೆಡುವ ರೂಢಿ ಬಹು ಹಳೆಯದು. ಮಣ್ಣಿನ ಸವಕಳಿಗೆ ಈ ಹುಲ್ಲೇ ಮದ್ದೆಂದು ವಿಶ್ವಬ್ಯಾಂಕಿನ ತಜ್ಞರು ಸಾರಿದ್ದು 1980ರ ದಶಕದಲ್ಲಿ. ಅಲ್ಲಿನ ರೈತನಿಗೆ ಅದು ಹೊಸ ಸಂಗತಿಯಾಗಿರಲಿಲ್ಲ.

ಈ ವಿದ್ಯೆಯನ್ನು ಕೈಯಿಂದಲೇ ಕಲಿಯತಕ್ಕದ್ದು. ಮೂರು ಗಳಗಳನ್ನು ಇಂಗ್ಲಿಷಿನ ‘ಎ’ ಅಕ್ಷರದಂತೆ ಕಟ್ಟಿ, ನೆತ್ತಿಯಿಂದ ಕಲ್ಲು ಕಟ್ಟಿದ ದಾರವನ್ನು ಇಳಿಬಿಡಬೇಕು. ದಾರವು ಅಡ್ಡಗಳದ ನಡುಗುರುತಿಗೆ ಬಂದರೆ ಎರಡು ಕಾಲುಗಳೂ ಸಮಮಟ್ಟದಲ್ಲಿವೆ ಎಂದರ್ಥ. ಹೀಗೆ ಇಳಿಜಾರಿಗೆ ಅಡ್ಡಲಾಗಿ ಗೆರೆ ಗುರುತಿಸಿ, ಹಳೆಯ ಬುಡವನ್ನು ಸೀಳಿ, ಎಲೆಯನ್ನು ಗೇಣುದ್ದಕ್ಕೆ ಕತ್ತರಿಸಿ, ಮುಂಗಾರಿನ ಹಸಿಯಲ್ಲಿ 10–15 ಸೆಂಟಿಮೀಟರಿಗೊಂದರಂತೆ ನೆಡಬೇಕು. ಒಂದು ಸಸಿ ಸತ್ತರೂ ನೀರು ಆ ಕಂಡಿಯಲ್ಲಿಯೇ ನುಗ್ಗಿ ಕೊರಕಲು ಮಾಡುವುದರಿಂದ ತೆರವನ್ನು ಒಡನೆಯೇ ತುಂಬತಕ್ಕದ್ದು.

ಎರಡು ಮೂರು ಮಳೆಗಾಲಗಳಲ್ಲಿ ಬೇಲಿ ಹೆಣೆದುಕೊಳ್ಳುತ್ತದೆ. ನೀರು ಸೋಸಿ ಹರಿದು, ಮಣ್ಣು ಹಿಂದೆ ನಿಂತು ಮೆಟ್ಟಿಲಾಗುತ್ತದೆ. ಸುಗಂಧದ ಬೇರಿನ ಆಸೆಗೆ ಅಗೆದರೋ, ಆ ಮಣ್ಣೇ ಸಡಿಲಾಗಿ ಮಳೆಯ ಪಾಲು.